ಹಿಂದಕ್ಕೆ ನಡೆಯಬೇಡಿ

ಮಾನ್ಯ ಸಂಪಾದಕರೇ,

ನಾನು ಚಳ್ಳಕೆರೆಯಲ್ಲಿ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವವನು. ಮಗಳು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿದ್ದಾಳೆ. ಈಚೆಗೆ ಅವಳ ಮನೆಗೆ ಹೋಗಿದ್ದಾಗ ಅಲ್ಲಿಂದ ಉತ್ತರಕ್ಕೆ ಸುಮಾರು 850 ಕಿ.ಮೀ. ದೂರದ ಕೂಬರ್ ಪೀಡಿ ನೋಡಿ ಬಂದೆವು. ಪೂರ್ತಿ ಮರಳುಗಾಡು. ಅದನ್ನು ನೋಡಿದ ಮೇಲೆ ನಮ್ಮ ಮೊಳಕಾಲ್ಮೂರು ಮಲೆನಾಡು ಅನ್ನಿಸಿತು!

1915ರಲ್ಲಿ ಅಪ್ಪನ ಜೊತೆ ಚಿನ್ನ ಹುಡುಕಲು ಹೋದ 14 ವರ್ಷದ ಹುಡುಗನಿಗೆ ಅಲ್ಲಿ ಓಪಲ್ ಹರಳು ಸಿಕ್ಕಿತಂತೆ. ಊರು ಹುಟ್ಟಿದ್ದೇ ಹಾಗೆ. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುತ್ತದೆ. ಅದಕ್ಕೇ ಜನ ಗುಡ್ಡ ಕೊರೆದು ಒಳಗೇ ಮನೆ ಮಾಡಿಕೊಂಡಿದ್ದಾರೆ. ಎಸಿ ಇಲ್ಲದೆಯೂ ತಂಪು. ಚರ್ಚು, ಹೋಟೆಲ್ಲು ಕೂಡ ನೆಲದಡಿ ಇವೆ. ಕುಡಿಯುವ ನೀರು ಊರಾಚೆಯ ಬೋರಿನದು. ಬರೀ ಉಪ್ಪು, ಆರ್‌ಒ ಯಂತ್ರದಲ್ಲಿ ಸಿಹಿ ಮಾಡುತ್ತಾರೆ. ಮಗಳು ಓಪಲ್ ಉಂಗುರ ನೋಡುತ್ತಿದ್ದರೆ ನಾನು ಬೋರಿನ ಬಗ್ಗೆಯೇ ವಿಚಾರಿಸುತ್ತಿದ್ದೆ. ಕಸುಬಿನ ಚಾಳಿ, ಬಿಡಲ್ಲ.

ಊರ ಸುತ್ತ ಹರಳಿಗಾಗಿ ತೋಡಿದ ಗುಂಡಿಗಳು ಲೆಕ್ಕವಿಲ್ಲದಷ್ಟು. ಕೆಲವು 30 ಮೀಟರ್‌ವರೆಗೂ ಆಳ. ಆದರೆ ಎಚ್ಚರಿಕೆಯ ಬೋರ್ಡು ಹಾಕಿದ್ದಾರೆ. ‘ಓಡಬೇಡಿ, ಆಳದ ಗುಂಡಿಗಳಿವೆ, ಹಿಂದಕ್ಕೆ ನಡೆಯಬೇಡಿ’. ಫೋಟೊ ತೆಗೆಯುವ ಗುಂಗಿನಲ್ಲಿ ಹಿಂದೆ ಹಿಂದೆ ಹೆಜ್ಜೆ ಇಡ್ತೀವಿ, ಅಲ್ವಾ? ಅದಕ್ಕೆ. ಓದು ಬಾರದವರಿಗೂ ತಿಳಿಯಲಿ ಅಂತ ಮನುಷ್ಯ ಬೀಳುವ ಚಿತ್ರವೂ ಇದೆ.

ನಮ್ಮ ಕಡೆ ನೀರು ಬೀಳದ ಬೋರಿಗೆ ಬೋರ್ಡಿರಲಿ, ಮುಚ್ಚಳವೂ ಇರುವುದಿಲ್ಲ. ಮುಂದಿನ ಬೋರಿಗೆ ಆಗುತ್ತದೆ ಅಂತ ಕೇಸಿಂಗ್ ಪೈಪ್ ಕಿತ್ತುಕೊಂಡು ಹೋಗುತ್ತಾರೆ. ಬಾಯಿಗೆ ಒಂದು ಗೋಣಿಚೀಲ, ಮೇಲೊಂದು ಕಲ್ಲು, ಮುಗೀತು. ಸಾಲ ಮಾಡಿ ಕೊರೆಸಿದ ರೈತನಿಗೆ ಆಮೇಲೆ ಅದನ್ನು ಮುಚ್ಚಿಸಲು ದುಡ್ಡೆಲ್ಲಿಂದ ಬರಬೇಕು? ವಿಫಲ ಬೋರನ್ನು ತಳದಿಂದ ನೆಲಮಟ್ಟದವರೆಗೂ ತುಂಬಿಸಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಬೋರಿಗೆ ಬಿದ್ದ ಪುಟ್ಟ ಮಗು ಜೀವಂತ ಸಿಕ್ಕಿತು. ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರುವುದಿಲ್ಲ.

ರಿಗ್ ಲಾರಿಯವರು ಜಾಗ ಬಿಡುವ ಮುಂಚೆಯೇ ಗುಂಡಿ ಮುಚ್ಚಬೇಕು. ಕೊರೆಯುವ ರೇಟಿನಲ್ಲೇ ಆ ಖರ್ಚೂ ಸೇರಲಿ. ಹಳೆಯ ಬೋರುಗಳನ್ನು ಪಂಚಾಯಿತಿಯವರು ಹೊಲ ಹೊಲ ತಿರುಗಿ ಪಟ್ಟಿ ಮಾಡಲಿ. ನಮ್ಮಂಥ ಮೆಕ್ಯಾನಿಕ್‌ಗಳನ್ನು ಕೇಳಿದರೆ ಎಲ್ಲೆಲ್ಲಿ ಬಾಯಿ ತೆರೆದುಕೊಂಡಿವೆ ಅಂತ ನಾವೇ ತೋರಿಸುತ್ತೇವೆ.

– ಒಬ್ಬ ಪಂಪ್‌ಸೆಟ್ ಮೆಕ್ಯಾನಿಕ್, ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ