ಮೆಗ್ಗಾನ್ ಆಸ್ಪತ್ರೆಯ ಸ್ಪೆಲಿಂಗು

ಮಿಸಿಸಾಗಾ, ಕೆನಡಾ

ತೀರ್ಥರೂಪರಾದ ಅಪ್ಪನವರಿಗೆ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಚಳಿ ಇನ್ನೂ ಬಿಟ್ಟಿಲ್ಲ.

ನನ್ನ ಜನನ ಪ್ರಮಾಣಪತ್ರವನ್ನು ನೀವೇ ಇಂಗ್ಲಿಷಿಗೆ ಮಾಡಿ, ಟೈಪ್ ಮಾಡಿಸಿ, ಸಹಿ ಹಾಕಿ ಕಳಿಸಿದ್ದು ತಲುಪಿತು. ಹೇಗೆ ಹೇಳಲಿ, ಅದು ಇಲ್ಲಿ ನಡೆಯುವುದಿಲ್ಲ ಅಪ್ಪ. ಹೈಸ್ಕೂಲಿನಲ್ಲಿ ಅಷ್ಟು ವರ್ಷ ಇಂಗ್ಲಿಷ್ ಪಾಠ ಮಾಡಿದವರ ಬರಹದಲ್ಲಿ ತಪ್ಪೆಲ್ಲಿ ಬರಬೇಕು? ನೀವು ನನ್ನ ಅಪ್ಪ ಅನ್ನುವುದೇ ತೊಂದರೆ. ಇಲ್ಲಿ ಕಾಯಂ ಆಗಿ ನೆಲೆಸಲು ಹಾಕುವ ಪಿ.ಆರ್. ಅರ್ಜಿಗೆ ಮನೆಯವರ ಅನುವಾದ ತಗೊಳ್ಳುವುದಿಲ್ಲ. ಅಪ್ಪ, ಅಮ್ಮ, ಗಂಡ, ಅಣ್ಣ, ಚಿಕ್ಕಪ್ಪ, ಅತ್ತೆ, ಅವರ ಮಕ್ಕಳು ಯಾರೂ ಆಗುವುದಿಲ್ಲ. ವಕೀಲರೋ ನೋಟರಿಯೋ ಆಗಿದ್ದರೂ ಅಷ್ಟೇ. ‘ನಿಮ್ಮ ಬಳಗ ಬಿಟ್ಟರೆ ಶಿವಮೊಗ್ಗದಲ್ಲಿ ಇನ್ಯಾರು ಉಳೀತಾರೆ’ ಅಂತ ಇವರು ನಕ್ಕರು.

ಇಲ್ಲಿನ ಅನುವಾದಕರ ಸಂಘದ ಮಾನ್ಯತೆ ಇದ್ದವರು ಮಾಡಿದರೆ ಅವರ ಮುದ್ರೆ ಸಾಕು. ಇಲ್ಲದವರು ನೋಟರಿ ಮುಂದೆ ಪ್ರಮಾಣ ಮಾಡಿ ಅಫಿಡವಿಟ್ ಕೊಡಬೇಕು. ಕೊನೆಗೆ ತುಮಕೂರು ಕಡೆಯವರೊಬ್ಬರು ಸಿಕ್ಕರು, ಅಫಿಡವಿಟ್ ಕೊಡಲು ಒಪ್ಪಿದರು.

ಅವರು ಮಾಡಿಕೊಟ್ಟದ್ದು ನೋಡಿದರೆ ನಾನು ಜೂನ್‌ನಲ್ಲಿ ಹುಟ್ಟಿದ್ದೇನೆ! ನಗರಸಭೆ ಗುಮಾಸ್ತರು ಬರೆದ ೯, ಈ ಅನುವಾದಕರ ಕಣ್ಣಿಗೆ ೬ ಆಗಿತ್ತು. ಕನ್ನಡ ಅಂಕಿ ನೋಡಿ ಎಷ್ಟು ವರ್ಷವಾಯಿತೋ, ಪಾಪ. ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ನೋಡಿದ್ದಕ್ಕೆ ಸಿಕ್ಕಿತು. ಇನ್ನು ನಾನು ಹುಟ್ಟಿದ ಮೆಗ್ಗಾನ್ ಆಸ್ಪತ್ರೆ. ಅದನ್ನು ಕನ್ನಡದಲ್ಲಿ ಇದ್ದ ಹಾಗೇ ಅಕ್ಷರ ಕೂಡಿಸಿ ಬರೆದಿದ್ದರು. ನಿಮ್ಮ ಹಾಳೆ ತೋರಿಸಿದೆ. ‘ಓ, ಇದು ಮೆಕ್‌ಗ್ಯಾನಾ? ಯಾರೋ ಮೆಗ್ಗಣ್ಣ ಕಟ್ಟಿಸಿದ್ದು ಅಂದುಕೊಂಡಿದ್ದೆ’ ಅಂದರು. ನಗು ತಡೆಯಲಿಲ್ಲ. ಅಂತೂ ನಿಮ್ಮ ಹಾಳೆ ಕೆಲಸಕ್ಕೆ ಬಂತು.

ಊರಿನದು ಇನ್ನೊಂದು ರಗಳೆ. ಪಾಸ್‌ಪೋರ್ಟಿನಲ್ಲಿ ಷಿಮೋಗ, ಅನುವಾದದಲ್ಲಿ ಶಿವಮೊಗ್ಗ. ಎರಡೂ ಒಂದೇ ಊರು, 2014ರ ನವೆಂಬರ್ 1ರಿಂದ ಇಂಗ್ಲಿಷ್ ಸ್ಪೆಲಿಂಗ್ ಬದಲಾಗಿದೆ ಅಂತ ಬೇರೆ ಕಾಗದ ಬರೆದು ಲಗತ್ತಿಸುತ್ತಿದ್ದೇನೆ. ಕನ್ನಡದಲ್ಲಿ ಹೆಸರು ಬದಲಾಗಲೇ ಇಲ್ಲ, ಅಲ್ವಾ? ಅದನ್ನು ಇಲ್ಲಿನ ಆಫೀಸಿನವರಿಗೆ ಹೇಗೆ ಹೇಳುವುದು.

ಈಗ ಉಳಿದಿರುವುದು ಮೂಲೆಯ ದುಂಡು ಸೀಲು. ಅದರಲ್ಲಿ ಕನ್ನಡ ಇದ್ದರೆ ಅದನ್ನೂ ಅನುವಾದ ಮಾಡಿಸಬೇಕು. ನೀವು ಕಳಿಸಿದ ಸ್ಕ್ಯಾನ್‌ನಲ್ಲಿ ‘ಮರಣ ನೋಂದ’ ಅಂತಷ್ಟೇ ಕಾಣುತ್ತದೆ. ಬರೀ ಅಷ್ಟನ್ನೇ ಅನುವಾದ ಮಾಡಿದರೆ ನನ್ನ ಗತಿ ಏನು ಹೇಳಿ! ಟ್ರಂಕಿನಲ್ಲಿರುವ ಮೂಲ ಪತ್ರ ತೆಗೆದು, ಬೆಳಿಗ್ಗೆ ಜಗಲಿ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಸುತ್ತ ಏನಿದೆ ಓದಿ. ಮಡಿಕೆ ಬಿಡಿಸಿ ಇನ್ನೊಮ್ಮೆ ಬಣ್ಣದ ಸ್ಕ್ಯಾನ್ ಮಾಡಿಸಿ. ಅಂಗಡಿಯವನು ಹೇಳಿದ ಅಂತ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಶುಕ್ರವಾರದೊಳಗೆ ಬಂದರೆ ಶನಿವಾರ ನೋಟರಿ ಹತ್ತಿರ ಹೋಗುತ್ತೇವೆ.

ಅಪ್ಪೆಮಿಡಿ ಇನ್ನೂ ಅರ್ಧ ಭರಣಿ ಇದೆ, ಅಮ್ಮನಿಗೆ ಹೇಳಿ.

ನಿಮ್ಮ ಮಗಳು