ಉಸಿರಿಗೆ ಕಟ್ಟುವ ಸುಂಕ

ಮೈಸೂರು
ಭಾನುವಾರ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ಮೊನ್ನೆ ಚಾಮುಂಡಿ ಬೆಟ್ಟ ಹತ್ತುವಾಗ ನಂದಿ ಇನ್ನೂ ಕಾಣಿಸುವ ಮೊದಲೇ ಮೆಟ್ಟಿಲ ಮೇಲೆ ಕುಸಿದು ಕೂತು, "ನನ್ನ ಶ್ವಾಸಕೋಶವೇ ವೀಕು ದೊಡ್ಡಪ್ಪ" ಅಂದೆಯಲ್ಲ. ಈಗ ಜಿಮ್ಮಿನವರ ಮಾತು ಕೇಳಿ ಆಕ್ಸಿಜನ್ ಡಬ್ಬ ತರಿಸಲು ಹೊರಟಿದ್ದೀಯ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ದುಡ್ಡು ದಂಡ ಮಾಡಬೇಡ. ಅವತ್ತು ಕೋವಿಡ್ ಕಾಲದ ಆಕ್ಸಿಮೀಟರನ್ನು ನಿನ್ನ ಬೆರಳಿಗೆ ಸಿಕ್ಕಿಸಿದೆ, ನೆನಪಿದೆಯಾ? ನೀನು ಏದುಸಿರು ಬಿಡುತ್ತಿರುವಾಗಲೇ ರಕ್ತದ ಆಮ್ಲಜನಕ ನೂರಕ್ಕೆ 97 ಅಂತ ಅದು ತೋರಿಸಿತು. ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು ಸುರಿದರೆ ಎಲ್ಲಿ ನಿಲ್ಲುತ್ತದೆ?

ಕಾಲು ಜೋರಾಗಿ ದುಡಿದಷ್ಟೂ ಇಂಗಾಲದ ಡೈಆಕ್ಸೈಡ್ ಹೆಚ್ಚು ಹುಟ್ಟುತ್ತದೆ, ಮಿತಿ ಮೀರಿದರೆ ರಕ್ತದಲ್ಲಿ ಆಮ್ಲವೂ ಏರುತ್ತದೆ. ಆ ಡೈಆಕ್ಸೈಡನ್ನು ಆಚೆ ಹಾಕು ಅಂತ ಮೆದುಳು ಪೀಡಿಸುವುದೇ ನಿನಗಾದ ಸಂಕಟ.

ರಾತ್ರಿ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರು ಎಣಿಸು. ನಿಮಿಷಕ್ಕೆ 14ರ ಆಸುಪಾಸು ಬರುತ್ತದೆ. ಒಂದೊಂದು ಉಸಿರಿಗೂ ಸುಮಾರು ಅರ್ಧ ಲೀಟರ್, ಒಂದು ಹಾಲಿನ ಪ್ಯಾಕೆಟ್ಟಿನಷ್ಟು ಗಾಳಿ. ನಿನ್ನ ಕೈಯನ್ನು ಮೇಲೆತ್ತುವುದು ವಪೆ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ. ಅದಕ್ಕೆ ಎಳೆದುಕೊಳ್ಳುವಾಗ ಮಾತ್ರ ಕೆಲಸ, ಬಿಡುವಾಗ ಹಿಗ್ಗಿದ ಶ್ವಾಸಕೋಶ ತಾನಾಗಿ ಕುಗ್ಗುತ್ತದೆ. ಓಡುವಾಗ ಹಾಗಲ್ಲ. ಹೊಟ್ಟೆ, ಪಕ್ಕೆಲುಬಿನ ಸ್ನಾಯುಗಳೆಲ್ಲ ಸೇರಿ ಕುಲುಮೆಯ ತಿದಿ ಒತ್ತಿದ ಹಾಗೆ ಗಾಳಿ ನೂಕಬೇಕು. ನಿಮಿಷಕ್ಕೆ 7 ಲೀಟರ್ ಇದ್ದದ್ದು 100 ಕೂಡ ದಾಟಬಹುದು.

ಬಯಾಲಜಿ ಪಾಠ ಮಾಡುವಾಗ ನನಗೆ ಬಲು ಇಷ್ಟವಾಗಿದ್ದ ಲೆಕ್ಕ ಒಂದಿದೆ, ಬೇಜಾರು ಮಾಡಿಕೊಳ್ಳದೆ ಓದು. ಆ 500 ಮಿಲಿಯಲ್ಲಿ ಸುಮಾರು 150 ಮಿಲಿ ಮೂಗು, ಗಂಟಲು, ಶ್ವಾಸನಾಳದಲ್ಲೇ ನಿಂತು ವಾಪಸ್ಸು ಬರುತ್ತದೆ. ರಕ್ತಕ್ಕೆ ಆಮ್ಲಜನಕ ಸೇರುವ ಶ್ವಾಸಕೋಶದ ಗಾಳಿಗೂಡು ಮುಟ್ಟುವುದು 350. ಹದಿನಾಲ್ಕು ಉಸಿರಿಗೆ 4.9 ಲೀಟರ್ ಆಯಿತು. ಅದೇ 7 ಲೀಟರನ್ನು ನಾಯಿ ತೇಕಿದ ಹಾಗೆ 250ರಂತೆ 28 ಸಲ ಎಳೆದುಕೊಂಡರೆ? ಮುಟ್ಟುವುದು 2.8 ಲೀಟರ್! ಆ 150 ಮಿಲಿಯ ಸುಂಕ ಉಸಿರಿಗೊಂದು ಸಲ ಕಟ್ಟಲೇಬೇಕು, ಸಣ್ಣ ಉಸಿರು ಅಂತ ರಿಯಾಯಿತಿ ಇಲ್ಲ. ಮೆಟ್ಟಿಲ ಮೇಲೆ ನಿನ್ನ ಭುಜ ಎರಡೂ ಕುಣಿಯುತ್ತಿದ್ದವು, ಹೊಟ್ಟೆ ಅಲ್ಲಾಡುತ್ತಲೇ ಇರಲಿಲ್ಲ.

ಇನ್ನು ಮೇಲೆ ಎಳೆದುಕೊಳ್ಳುವುದರ ಚಿಂತೆ ಬಿಡು. ಎರಡು ಮೆಟ್ಟಿಲಿಗೆ ಎಳೆದುಕೊಂಡರೆ ಮೂರಕ್ಕೆ ಬಿಡು. ಪೂರ್ತಿ ಬಿಟ್ಟರೆ ಮುಂದಿನದು ತಾನೇ ಆಳವಾಗಿ ಬರುತ್ತದೆ. ಪಕ್ಕದವರ ಜೊತೆ ಮಾತಾಡಲು ಆಗದಿದ್ದರೆ ವೇಗ ತಗ್ಗಿಸು. ಆರೋಗ್ಯವಾಗಿರುವವರಿಗೆ ಶ್ವಾಸಕೋಶದಲ್ಲಿ ಜಾಗ ಮಿಗುತ್ತದೆ ಕಣೋ. ಸೋಲುವುದು ರಕ್ತ ಸಾಗಿಸುವ ಹೃದಯ, ಅದನ್ನು ಬಳಸಿಕೊಳ್ಳುವ ಕಾಲು. ಅವೆರಡೂ ಕೆಲವು ವಾರಗಳ ಅಭ್ಯಾಸಕ್ಕೆ ಪಳಗುತ್ತವೆ. ಎದೆ ನೋವು ಬಂದರೆ, ಕೂತ ಮೇಲೂ ಸುಂಯ್ ಅನ್ನುವ ಶಬ್ದ ನಿಲ್ಲದಿದ್ದರೆ ಮಾತ್ರ ಈ ಕಾಗದ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಓಡು.

97 ಅಂತ ಬರೆದೆನೆಂದು ಹಿಗ್ಗಲೂ ಬೇಡ. ಆಫೀಸಿನ ಕೆಳಗಿನ ಟೀ ಅಂಗಡಿಯ ಸಿಗರೇಟಿನ ವಿಚಾರ ನನಗೆ ಗೊತ್ತು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಸೀಟಿಗೇ ಟವೆಲ್ ಹಾಕಿ ಕೂರುತ್ತದೆ. ಬೆರಳಿಗೆ ಸಿಕ್ಕಿಸುವ ಆ ಯಂತ್ರಕ್ಕೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ನನಗೆ ವಾಸನೆಯಿಂದಲೇ ತಿಳಿಯಿತು. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ.

ದೀಪಾವಳಿಗೆ ಬಾ, ನಸುಕಿನಲ್ಲೇ ಹೊರಡೋಣ. ದೊಡ್ಡಮ್ಮ ಈಗಲೇ ಕಜ್ಜಾಯದ ಅಕ್ಕಿ ಲೆಕ್ಕ ಹಾಕುತ್ತಿದ್ದಾಳೆ.

ಇಂತಿ,
ನಿನ್ನ ದೊಡ್ಡಪ್ಪ