ಮಗಳಿಗೊಂದು ಪತ್ರ: ಚೀಟಿ ತೋರಿಸದೆ ಮಾತನಾಡುವವರು

ಹನುಮಂತನಗರ, ಬೆಂಗಳೂರು

ಪ್ರೀತಿಯ ಮಗಳೇ,

ಭಾನುವಾರ ರಾತ್ರಿ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿನಗೂ ದೊಡ್ಡಪ್ಪನವರಿಗೂ ನಡೆದ ಜಗಳವನ್ನು ನಾನು ಮರುದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಕುಳಿತು ಮೊದಲಿನಿಂದ ಓದಿದೆ. ಒಂದು ಬೂತ್‌ನ ಮತದಾರರ ಪಟ್ಟಿ ಸರಿಯಿಲ್ಲ ಎಂದು ತೋರಿಸುವ, ನೀನು ಹಾಕಿದ ವಿಡಿಯೊಗೆ ಅವರು 'ಇದೆಲ್ಲ ವಿದೇಶಿ ದುಡ್ಡಿನ ಆಟ' ಎಂದು ಬರೆದದ್ದು, ಅದಕ್ಕೆ ನೀನು 'ನೀವು ಐಟಿ ಸೆಲ್‌ನ ಬಾಯಿ', ಅಂದರೆ ಪಕ್ಷದ ಆನ್‌ಲೈನ್ ಪ್ರಚಾರ ಪಡೆಯ ಬಾಡಿಗೆ ಬಾಯಿ, ಎಂದು ತಿರುಗೇಟು ಕೊಟ್ಟದ್ದು, ಕೊನೆಗೆ ಗುಂಪು ಬಿಟ್ಟು ಹೊರಟದ್ದು, ಎಲ್ಲವೂ ಹನ್ನೊಂದು ನಿಮಿಷದಲ್ಲಿ ಮುಗಿದುಹೋಗಿತ್ತು. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆಯೇ ಬಾಯಿ ಹಾಕುತ್ತೀಯ; ಆದ್ದರಿಂದ ಧಾರವಾಡಕ್ಕೆ ಈ ಪತ್ರ.

ಮೊದಲಿಗೆ ಹೇಳಿಬಿಡುತ್ತೇನೆ, ವಿದೇಶಿ ಪ್ರಚಾರ ಎಂಬುದು ದೊಡ್ಡಪ್ಪನವರು ಕಟ್ಟಿದ ಕತೆಯಲ್ಲ. ಅಮೆರಿಕದ ಅಧ್ಯಕ್ಷ ಚುನಾವಣೆಯ ವರ್ಷವಾದ 2016ರ ಮೇ ತಿಂಗಳಲ್ಲಿ ಅಲ್ಲಿನ ಹ್ಯೂಸ್ಟನ್ ನಗರದ ಒಂದು ಇಸ್ಲಾಮಿಕ್ ಕೇಂದ್ರದ ಮುಂದೆ ಎರಡು ಗುಂಪುಗಳು ಎದುರುಬದುರಾಗಿ ನಿಂತು ಘೋಷಣೆ ಕೂಗಿದವು. ಒಂದನ್ನು ಕರೆದದ್ದು 'ಹಾರ್ಟ್ ಆಫ್ ಟೆಕ್ಸಾಸ್' ಎಂಬ ಫೇಸ್‌ಬುಕ್ ಪುಟ, ಇನ್ನೊಂದನ್ನು ಕರೆದದ್ದು 'ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ' ಎಂಬ ಪುಟ. ಎರಡನ್ನೂ ನಡೆಸುತ್ತಿದ್ದವರು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಇಂಟರ್ನೆಟ್ ರಿಸರ್ಚ್ ಏಜೆನ್ಸಿ ಎಂಬ ಒಂದೇ ಕಚೇರಿಯ ನೌಕರರು. ಆ ದಿನದ ಜಗಳ ಹುಟ್ಟಿಸಲು ಅವರಿಗೆ ತಗುಲಿದ ಜಾಹೀರಾತು ವೆಚ್ಚ ಸುಮಾರು 200 ಡಾಲರ್ ಎಂದು ಮರುವರ್ಷ ಅಮೆರಿಕದ ಸೆನೆಟ್ ಸಮಿತಿಯ ಅಧ್ಯಕ್ಷರು ಹೇಳಿದರು. ಆ ಕಚೇರಿಯ ಬರಹಗಳು ಸುಮಾರು 12.6 ಕೋಟಿ ಜನರ ಕಣ್ಣಿಗೆ ಬಿದ್ದಿರಬಹುದೆಂದು ಫೇಸ್‌ಬುಕ್ ಸಂಸ್ಥೆಯೇ ಒಪ್ಪಿಕೊಂಡಿತು. 2018ರ ಫೆಬ್ರುವರಿಯಲ್ಲಿ 13 ಮಂದಿ ರಷ್ಯನ್ನರ ಮೇಲೆ ಆರೋಪಪಟ್ಟಿಯೂ ಸಲ್ಲಿಕೆಯಾಯಿತು.

ಆದರೆ ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಅದರ ಮುಂದಿನ ಭಾಗವನ್ನು ಬಿಟ್ಟುಬಿಡುತ್ತಾರೆ. ಅದೇ ಕಚೇರಿಯವರ ಟ್ವಿಟರ್ ಖಾತೆಗಳ ಬರಹಗಳನ್ನು ಯಾರು ಎಷ್ಟು ಕಂಡರು ಎಂದು ಲೆಕ್ಕ ಹಾಕಿದ ಅಧ್ಯಯನವೊಂದು 2023ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಬಂತು. ಅಂಥ ಬರಹಗಳಲ್ಲಿ ಶೇ 70ರಷ್ಟು ಕೇವಲ ಶೇ 1ರಷ್ಟು ಬಳಕೆದಾರರಿಗೇ ಮತ್ತೆ ಮತ್ತೆ ತಲುಪಿದ್ದವು. ಅವರೂ ಬಹುಪಾಲು ಆಗಲೇ ಒಂದು ಪಕ್ಷಕ್ಕೆ ಗಟ್ಟಿಯಾಗಿ ಅಂಟಿಕೊಂಡಿದ್ದವರು. ಅದನ್ನು ಓದಿದ್ದರಿಂದ ಅವರ ನಿಲುವು ಬದಲಾಯಿತೆಂಬುದಕ್ಕೆ ಸಂಶೋಧಕರಿಗೆ ಪುರಾವೆ ಸಿಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ಜನ ಅದೇ ದಿನಗಳಲ್ಲಿ ತಮ್ಮದೇ ದೇಶದ ಸುದ್ದಿಮಾಧ್ಯಮಗಳಿಂದ ಮತ್ತು ರಾಜಕಾರಣಿಗಳಿಂದ ಪಡೆದದ್ದರ ಮುಂದೆ ರಷ್ಯಾದ ಪಾಲು ತೀರಾ ಸಣ್ಣದಾಗಿತ್ತು. ಇದು ಟ್ವಿಟರ್ ಒಂದರ ಲೆಕ್ಕ, ನಿಜ. ಆದರೂ ಹೊರಗಿನವನು ತಂದದ್ದು ಬೆಂಕಿಕಡ್ಡಿ, ಸೌದೆ ಅಲ್ಲಿನದೇ ಆಗಿತ್ತು ಎಂದು ನನಗೆ ಅನಿಸುತ್ತದೆ.

ನಮ್ಮ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದ ಅಸ್ಸಾಮಿನ ಇಬ್ಬರು ಹುಡುಗಿಯರು ನಿನಗೆ ನೆನಪಿರಬೇಕು. ನಿನಗಾಗ ಹತ್ತು ವರ್ಷ, ನಿನಗೆ ದಿನವೂ ಜಡೆ ಹಾಕಿ ಕಳಿಸುತ್ತಿದ್ದವರು ಅವರೇ. 2012ರ ಜುಲೈನಲ್ಲಿ ಅಸ್ಸಾಮಿನ ಕೊಕ್ರಜಾರ್ ಸೀಮೆಯಲ್ಲಿ ಬೋಡೊ ಜನರಿಗೂ ಮುಸ್ಲಿಮರಿಗೂ ನಡುವೆ ಗಲಭೆಯಾಗಿತ್ತು. ಅದಕ್ಕೆ ಸೇಡಾಗಿ ರಂಜಾನ್ ಮುಗಿಯುತ್ತಿದ್ದಂತೆ ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ದಾಳಿ ನಡೆಯುತ್ತದೆ ಎಂಬ ಸಂದೇಶ ಆಗಸ್ಟ್ ನಡುಭಾಗದಲ್ಲಿ ಫೋನಿನಿಂದ ಫೋನಿಗೆ ಹರಿಯಿತು. ಆ ಹುಡುಗಿಯರು ನನಗೆ ಸಂದೇಶ ತೋರಿಸಿ 'ಆಂಟಿ, ನಿಜವಾ?' ಎಂದು ಕೇಳಿದರು. ನಾನು ಮಾಡಿದ್ದನ್ನು ನಿನಗೆ ಇದುವರೆಗೆ ಹೇಳಿಲ್ಲ. ಸುಳ್ಳಿರಬಹುದು ಎಂದು ಅವರಿಗೆ ಹೇಳಿದೆ, ಬಾಗಿಲು ಹಾಕಿಕೊಂಡು ಬಂದು ನಿನ್ನ ಚಿಕ್ಕಮ್ಮನಿಗೆ ಫೋನ್ ಮಾಡಿ 'ಎರಡು ದಿನ ಮಕ್ಕಳನ್ನು ಹೊರಗೆ ಬಿಡಬೇಡ' ಎಂದೆ. ನನ್ನ ದನಿಯಲ್ಲೇ ಆ ಹುಡುಗಿಯರಿಗೆ ಉತ್ತರ ಸಿಕ್ಕಿರಬೇಕು. ಮರುರಾತ್ರಿ ಅವರು ಚೀಲ ಹೊತ್ತು ರೈಲು ನಿಲ್ದಾಣಕ್ಕೆ ಹೋದರು, ಮತ್ತೆ ಬರಲಿಲ್ಲ. ಸಾವಿರಾರು ಜನ ಊರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು.

ವದಂತಿಗಳ ಬಹುಭಾಗ ಪಾಕಿಸ್ತಾನದಿಂದ ಬಂದದ್ದು ಎಂದು ಆಗಿನ ಕೇಂದ್ರ ಗೃಹ ಕಾರ್ಯದರ್ಶಿ ಆರ್.ಕೆ. ಸಿಂಗ್ ಹೇಳಿದರು, ಪಾಕಿಸ್ತಾನ ಅದನ್ನು ಅಲ್ಲಗಳೆದು ಸಾಕ್ಷ್ಯ ಕೇಳಿತು. ಜಾಲತಾಣಗಳಲ್ಲಿ ಆಗ ಓಡಾಡುತ್ತಿದ್ದ ಚಿತ್ರಗಳಲ್ಲಿ ಒಂದು 2010ರಲ್ಲಿ ಚೀನಾದ ಯುಶು ಭೂಕಂಪದಲ್ಲಿ ಸತ್ತವರ ನಡುವೆ ನಿಂತಿದ್ದ ಟಿಬೆಟನ್ ಭಿಕ್ಷುಗಳದ್ದು. ಅದೇ ಚಿತ್ರವನ್ನು ಬರ್ಮಾದಲ್ಲಿ ಬೌದ್ಧರು ಮುಸ್ಲಿಮರನ್ನು ಕೊಂದದ್ದು ಎಂದು ಹಂಚಲಾಗಿತ್ತು. ಸರ್ಕಾರ ಹದಿನೈದು ದಿನ ಒಮ್ಮೆಗೆ ಐದಕ್ಕಿಂತ ಹೆಚ್ಚು ಮಂದಿಗೆ ಎಸ್‌ಎಂಎಸ್ ಕಳಿಸದಂತೆ ಕಟ್ಟುಪಾಡು ಹಾಕಿತು. ಇಷ್ಟೆಲ್ಲ ನಡೆದ ಮೇಲೂ ನನ್ನನ್ನು ಕಾಡುವುದು ಆ ಚಿತ್ರವನ್ನು ಯಾರು ಎಲ್ಲಿಂದ ಏರಿಸಿದರು ಎಂಬುದಲ್ಲ. ಹನುಮಂತನಗರದಿಂದ ನಿನ್ನ ಚಿಕ್ಕಮ್ಮನ ಮನೆಗೆ ಆ ಹೆದರಿಕೆಯನ್ನು ಮುಟ್ಟಿಸಿದವಳು ನಾನು ಎಂಬುದು.

ಆದ್ದರಿಂದ 'ವಿದೇಶಿ ಕೈವಾಡ' ಎಂಬ ಮಾತು ಕೇಳಿದಾಗ ನಾನು ಎರಡು ಬಾರಿ ಯೋಚಿಸುತ್ತೇನೆ. ಇಂದಿರಾ ಗಾಂಧಿಯವರ ಕಾಲದಲ್ಲಿ ಬೆಲೆ ಏರಿದರೂ ಮುಷ್ಕರವಾದರೂ ಆ ಕೈ ಕಾಣಿಸುತ್ತಿತ್ತು ಎಂದು ನಿನ್ನ ಅಜ್ಜ ನಗುತ್ತಿದ್ದರು. ಅದರ ಅನುಕೂಲವೆಂದರೆ ಎದುರಿಗಿರುವವನ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ, ಅವನು ಯಾರವನು ಎಂದು ಕೇಳಿದರೆ ಸಾಕು. ರೊಮೇನಿಯಾದ ಉದಾಹರಣೆಯನ್ನೇ ನೋಡು. 2024ರ ನವೆಂಬರ್‌ನಲ್ಲಿ ಅಲ್ಲಿನ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿ ಯಾರೂ ಎಣಿಸಿರದ ಕೆಲಿನ್ ಜಾರ್ಜೆಸ್ಕು ಟಿಕ್‌ಟಾಕ್ ಬಲದಿಂದ ಮುಂದೆ ಬಂದರು. ಹೊರದೇಶದ ಕೈವಾಡವಿದೆ ಎಂಬ ಗುಪ್ತಚರ ವರದಿಗಳು ಹೊರಬಿದ್ದ ಮೇಲೆ ಡಿಸೆಂಬರ್ 6ರಂದು ಸಾಂವಿಧಾನಿಕ ನ್ಯಾಯಾಲಯ ಚುನಾವಣೆಯನ್ನೇ ರದ್ದುಪಡಿಸಿತು. ಅದೇ ತಿಂಗಳು, ಆ ಟಿಕ್‌ಟಾಕ್ ಪ್ರಚಾರಗಳಲ್ಲಿ ಒಂದಕ್ಕೆ ಹಣ ಕೊಟ್ಟದ್ದು ಅದೇ ದೇಶದ ಒಂದು ಪಕ್ಷ ಎಂದು ಅಲ್ಲಿನ ಪತ್ರಕರ್ತರು ವರದಿ ಮಾಡಿದರು. ತಮ್ಮ ಪ್ರಚಾರವನ್ನು ಬೇರೆ ಯಾರೋ ತಿರುಗಿಸಿಕೊಂಡರು ಎಂದು ಆ ಪಕ್ಷ ಹೇಳಿತು. ಲಕ್ಷಾಂತರ ಜನ ಹಾಕಿದ ಮತ ಚೆಲ್ಲಿಹೋಯಿತಲ್ಲ, ಆ ತೀರ್ಪು ಸರಿಯೋ ತಪ್ಪೋ ಎಂದು ನಾನು ಇನ್ನೂ ಗಟ್ಟಿಯಾಗಿ ಹೇಳಲಾರೆ.

ನಮ್ಮ ದೇಶದ ಮಾತಿಗೆ ಬರೋಣ. 2024ರ ಮೇ ತಿಂಗಳಲ್ಲಿ ಲೋಕಸಭಾ ಚುನಾವಣೆ ನಡೆಯುತ್ತಿರುವಾಗಲೇ ಇಸ್ರೇಲಿನ ಒಂದು ವಾಣಿಜ್ಯ ಸಂಸ್ಥೆ ಬಿಜೆಪಿಯನ್ನು ಟೀಕಿಸುವ, ಕಾಂಗ್ರೆಸ್ಸನ್ನು ಹೊಗಳುವ ಪ್ರತಿಕ್ರಿಯೆಗಳನ್ನು ಕೃತಕ ಬುದ್ಧಿಮತ್ತೆಯಿಂದ ಬರೆಯಿಸುತ್ತಿತ್ತೆಂದೂ ಅದನ್ನು 24 ಗಂಟೆಯೊಳಗೆ ತಡೆದೆವೆಂದೂ ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಸಂಸ್ಥೆ ತಿಳಿಸಿತು. ಇದು ನಿನ್ನ ದೊಡ್ಡಪ್ಪನವರಿಗೆ ಸಂತೋಷ ಕೊಡುವ ಸಂಗತಿ. ಆದರೆ ಆ ಬರಹಗಳನ್ನು ಓದಿದವರೇ ಕಡಿಮೆ ಎಂದೂ ಅದೇ ವರದಿಯಲ್ಲಿತ್ತು. ಅವರಿಗೆ ಅಷ್ಟು ಹಿಡಿಸದ ಇನ್ನೊಂದು ಸಂಗತಿಯೂ ಇದೆ. ಸುಳ್ಳುಸುದ್ದಿಯ ಜಾಡು ಹಿಡಿಯುವ ಬ್ರಸೆಲ್ಸ್‌ನ ಇಯು ಡಿಸ್‌ಇನ್ಫೋಲ್ಯಾಬ್ ಸಂಸ್ಥೆ 2020ರಲ್ಲಿ ಹೊರತಂದ ವರದಿಯ ಪ್ರಕಾರ, ದೆಹಲಿ ಮೂಲದ ಒಂದು ಜಾಲ ಹದಿನೈದು ವರ್ಷ ಕಾಲ 119 ದೇಶಗಳಲ್ಲಿ 750ಕ್ಕೂ ಹೆಚ್ಚು ನಕಲಿ ಸುದ್ದಿತಾಣಗಳನ್ನು ನಡೆಸಿ ಭಾರತದ ಪರವಾಗಿ ಯುರೋಪಿನಲ್ಲಿ ಪ್ರಚಾರ ಮಾಡುತ್ತಿತ್ತು. 2006ರಲ್ಲಿ ತೀರಿಕೊಂಡಿದ್ದ ಪ್ರಾಧ್ಯಾಪಕರೊಬ್ಬರನ್ನು ಅವರು 2007ರ ವಿಶ್ವಸಂಸ್ಥೆಯ ಸಭೆಯಲ್ಲಿ ಹಾಜರು ಹಾಕಿಸಿದ್ದರಂತೆ! ಸರ್ಕಾರ ಸುಳ್ಳು ಪ್ರಚಾರದ ಆರೋಪವನ್ನು ನಿರಾಕರಿಸಿತು. ನನಗೆ ಬೇಕಾದ ವಿಷಯ ಬೇರೆ: ಅಲ್ಲಿಯವರ ಕಣ್ಣಿಗೆ ವಿದೇಶಿ ಪ್ರಚಾರ ಎಂದು ಕಾಣುವುದು ನಮ್ಮ ಊರಿನ ಟಿವಿಯಲ್ಲಿ 'ಯುರೋಪಿನ ಪತ್ರಿಕೆಯೇ ಹೇಳಿದೆ' ಎಂದು ಸುದ್ದಿಯಾಗಿ ತಿರುಗಿ ಬರುತ್ತದೆ.

ಊರಿನ ಟಿವಿ ಎಂದೆನಲ್ಲ. ಕನ್ನಡದ ಸುದ್ದಿವಾಹಿನಿಗಳನ್ನು ನೋಡುವಾಗ ಯಾರದು ಎಂದು ಕೇಳುವ ಅಭ್ಯಾಸ ನನಗೆ ಹಿಂದಿನಿಂದಲೂ ಇದೆ. ಕಸ್ತೂರಿ ವಾಹಿನಿಯನ್ನು ಆರಂಭಿಸಿದವರು ಎಚ್.ಡಿ. ಕುಮಾರಸ್ವಾಮಿಯವರ ಕುಟುಂಬದವರು, ಸುವರ್ಣ ನ್ಯೂಸ್‌ನ ಹಿಂದೆ ಬಿಜೆಪಿಯ ರಾಜೀವ್ ಚಂದ್ರಶೇಖರ್ ಅವರ ಹಣವಿತ್ತು. ಇದರಲ್ಲಿ ಗುಟ್ಟೇನೂ ಇಲ್ಲ, ಕಾನೂನಿಗೆ ವಿರುದ್ಧವೂ ಅಲ್ಲ. ನೋಡುವವರಿಗೆ ಗೊತ್ತಿದ್ದರೆ ಮಾಲೀಕನಿಗೆ ಪಕ್ಷ ಇರುವುದು ಅಂಥ ದೊಡ್ಡ ಕೇಡಲ್ಲ. ಗೊತ್ತಾಗದಂತೆ ಮಾರಾಟವಾಗುವ ಸುದ್ದಿಯೇ ಕೇಡು. 2009ರ ಚುನಾವಣೆಯ ನಂತರ ಕಾಸಿಗಾಗಿ ಸುದ್ದಿಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ ದೀರ್ಘ ವರದಿ ಬರೆಯಿತು. 2011ರಲ್ಲಿ ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು, ಅಂಥ ಸುದ್ದಿಯ ಖರ್ಚನ್ನು ಲೆಕ್ಕದಲ್ಲಿ ತೋರಿಸಲಿಲ್ಲವೆಂದು ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಿತು. ಗಮನಿಸು, ಹೊಗಳಿಸಿಕೊಂಡದ್ದಕ್ಕಲ್ಲ, ಲೆಕ್ಕ ಮುಚ್ಚಿಟ್ಟದ್ದಕ್ಕೆ.

ನಾನು ಮತಗಟ್ಟೆ ಅಧಿಕಾರಿಯಾಗಿ ಎಷ್ಟೋ ಚುನಾವಣೆ ಮಾಡಿದ್ದೇನೆ, ನಿನಗೆ ಗೊತ್ತು. 2024ರ ಏಪ್ರಿಲ್ 26ರ ಬಿಸಿಲಿನಲ್ಲೂ ಇದ್ದೆ. ಬೆಳಿಗ್ಗೆ ಏಜೆಂಟರು ಬರುತ್ತಾರೆ. ಪ್ರತಿಯೊಬ್ಬರ ಕೈಯಲ್ಲಿ ತಮ್ಮ ಅಭ್ಯರ್ಥಿ ಅಥವಾ ಅವರ ಚುನಾವಣಾ ಏಜೆಂಟ್ ಸಹಿ ಮಾಡಿದ ನೇಮಕಾತಿಯ ಚೀಟಿ ಇರಬೇಕು, ಇಲ್ಲದಿದ್ದರೆ ಒಳಗೆ ಜಾಗವಿಲ್ಲ. ಅವರೆಲ್ಲರ ಮುಂದೆ ಕನಿಷ್ಠ 50 ಮತಗಳ ಅಣಕು ಮತದಾನ ಮಾಡಿ, ಅಳಿಸಿ, ಸಹಿ ಹಾಕಿಸಿಕೊಂಡ ಮೇಲೆಯೇ ನಿಜವಾದ ಮತದಾನ. ಗೇಟಿನಿಂದ 100 ಮೀಟರ್ ಒಳಗೆ ಯಾರೂ ಮತ ಕೇಳುವಂತಿಲ್ಲ. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಸಭೆ, ಮೆರವಣಿಗೆ, ಟಿವಿ ಪ್ರಚಾರ ಯಾವುದೂ ಕೂಡದೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಕಲಂ ಹೇಳುತ್ತದೆ. ಅಷ್ಟೆಲ್ಲ ಕಟ್ಟುನಿಟ್ಟಿನ ನಡುವೆ ಸರದಿಯಲ್ಲಿ ನಿಂತವರೆಲ್ಲ ತಲೆ ತಗ್ಗಿಸಿ ಫೋನ್ ನೋಡುತ್ತಿದ್ದರು. ಫೋನನ್ನು ಹೊರಗಿಟ್ಟು ಬನ್ನಿ ಎಂದು ನಾವು ಬಾಗಿಲಲ್ಲಿ ಹೇಳುವ ತನಕ ಅದರೊಳಗೆ ಪ್ರಚಾರ ನಡೆದೇ ಇತ್ತು. ಅಲ್ಲಿ ಮಾತನಾಡುತ್ತಿದ್ದವರ ಚೀಟಿಯನ್ನು ನೋಡಿದವರು ಯಾರು?

ನಿನ್ನ ಮೇಲೆ ನನಗಿರುವ ಆಕ್ಷೇಪವೂ ಅದೇ. ನೀನು ಹಾಕಿದ ವಿಡಿಯೊ ನಿಜವೇ ಇರಬಹುದು, ಆದರೆ ಅದನ್ನು ಹಾಕಿದ ಪುಟಕ್ಕೆ ಊರಿಲ್ಲ, ಹೆಸರಿಲ್ಲ, ಕೆಲವೇ ವಾರಗಳ ಆಯುಸ್ಸು. ದೊಡ್ಡಪ್ಪನವರು ಕಳಿಸುವ ಪುಟಗಳೂ ಹಾಗೆಯೇ ಇರುತ್ತವೆ ಎಂದು ನೀನೇ ಎಷ್ಟು ಸಲ ನನಗೆ ತೋರಿಸಿಕೊಟ್ಟಿಲ್ಲ? ಇನ್ನು ಐಟಿ ಸೆಲ್ ಎಂಬ ನಿನ್ನ ಮಾತು. ದೊಡ್ಡಪ್ಪನವರಿಗೆ ಯಾರೂ ಕಾಸು ಕೊಡುವುದಿಲ್ಲ, ಮಗಳೇ. ಬೆಳಿಗ್ಗೆ ಐದೂವರೆಗೆ ಎದ್ದು, ಕಾಫಿ ಕುಡಿದು, ಕನ್ನಡಕ ಹಾಕಿಕೊಂಡು, ತಮಗೆ ನಿಜವೆನಿಸಿದ್ದನ್ನು ಪುಕ್ಕಟೆಯಾಗಿ ನಲವತ್ತು ಜನಕ್ಕೆ ಕಳಿಸುತ್ತಾರೆ. ಕಾಸು ಪಡೆದವರು ಬರೆದದ್ದಕ್ಕೆ ಬೆಲೆ ಬರುವುದೇ ಇಂಥವರ ಕೈಯಿಂದ ಬಂದಾಗ, ಏಕೆಂದರೆ ಅವರ ಹೆಸರಿಗೆ ನಮ್ಮ ಮನೆಗಳಲ್ಲಿ ಗೌರವವಿದೆ. ಅಂಥವರನ್ನು ಬಾಡಿಗೆ ಬಾಯಿ ಎಂದರೆ ಅವರು ಮುಂದೆ ನಿನ್ನ ಯಾವ ಮಾತನ್ನೂ ಕೇಳರು.

ನಿನ್ನೆ ಸಂಜೆ ಅವರು ಬಂದಿದ್ದರು. ನಿನ್ನ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, ಆ ವಿಡಿಯೊದಲ್ಲಿ ತೋರಿಸಿದ್ದ ಬೂತ್‌ನ ಮತದಾರರ ಪಟ್ಟಿಯನ್ನು ಆಯೋಗದ ತಾಣದಿಂದ ಇಳಿಸಿಕೊಂಡು ತಾಳೆ ನೋಡುವುದು ಹೇಗೆ ಎಂದು ಕೇಳಿದರು. ಪಟ್ಟಿ ಸಿಗುತ್ತದೆ, ನನಗೆ ಇಳಿಸಿಕೊಳ್ಳಲು ಬರುವುದಿಲ್ಲ, ಅವಳಿಗೆ ಬರುತ್ತದೆ ಎಂದೆ. ಈ ವಾರ ನಿನಗೆ ಬಿಡುವಾದಾಗ ಅವರಿಗೆ ಫೋನ್ ಮಾಡು. ಅವರ ಬಳಿ ಇರುವುದು ಹಳೆಯ ಫೋನ್, ಪಿಡಿಎಫ್ ತೆರೆಯಲು ತಡಮಾಡುತ್ತದೆ. ಸ್ವಲ್ಪ ನಿಧಾನವಾಗಿ ಹೇಳು.

ನಿನ್ನ,
ಅಮ್ಮ